ಲಘುವೆಂದರೆ ಹಗುರವೇ?

ಹಾಸ್ಯಸಾಹಿತ್ಯವನ್ನು 'ಲಘು' ಎಂದು ಬದಿಗೆ ಸರಿಸುವುದು ನಮ್ಮ ವಿಮರ್ಶೆಯ ಹಳೆಯ ರೂಢಿ. ತರಗತಿಯಲ್ಲಿ ನಾನೂ ಬಹುಕಾಲ ಹಾಗೆಯೇ ಮಾಡಿದೆನೆಂದು ಒಪ್ಪಿಕೊಳ್ಳಬೇಕು. 'ಕೊರವಂಜಿ'ಯ ಹಳೆಯ ಸಂಚಿಕೆಗಳನ್ನು ಮತ್ತೆ ಓದಿದ ಮೇಲೆ ಆ ತೀರ್ಪು ಸಡಿಲವಾಗಿದೆ.

ಈ ಮಾಸಪತ್ರಿಕೆ ಹುಟ್ಟಿದ್ದು 1942ರಲ್ಲಿ; ಯುದ್ಧಕಾಲದ ಬೆಲೆಯೇರಿಕೆ ಮನೆಮನೆಯನ್ನೂ ತಟ್ಟಿದ್ದ ದಿನಗಳು. ಅದನ್ನು 1967ರವರೆಗೆ ನಡೆಸಿದ ರಾ.ಶಿ.ಯವರು ವೃತ್ತಿಯಿಂದ ವೈದ್ಯರು. ದಿನವಿಡೀ ರೋಗಿಗಳ ನರಳಾಟ ಕೇಳುವವರು ನಗೆಯನ್ನು ಬರಿಯ ವಿಲಾಸವೆಂದು ಬಗೆದಿರಲಾರರು. ಆರ್.ಕೆ. ಲಕ್ಷ್ಮಣರ ಆರಂಭಕಾಲದ ಚಿತ್ರಗಳೂ ನಾ. ಕಸ್ತೂರಿಯವರ ಬರಹಗಳೂ ಅಲ್ಲಿ ಬೆಳಕು ಕಂಡವು. ಕಸ್ತೂರಿಯವರ 'ಅನರ್ಥಕೋಶ'ದ ಬಗೆಯನ್ನೇ ನೋಡಿ: ದಿನಬಳಕೆಯ ಶಬ್ದಕ್ಕೆ ಅನಿರೀಕ್ಷಿತ ಅರ್ಥ ಕೊಟ್ಟು, ಮಾಸಿದ ನಾಣ್ಯವನ್ನು ತಿಕ್ಕಿ ಹೊಳೆಯಿಸಿದಂತೆ ಮಾಡುತ್ತದೆ. ಕಚೇರಿಯಲ್ಲೋ ಅಂಗಡಿಯಲ್ಲೋ ಆಡಿದ ಮಾತನ್ನೇ ಆಡಿ ಬೇಸತ್ತವನಿಗೆ ಇದು ಸಣ್ಣ ಉಪಕಾರವೇನಲ್ಲ.

ಪತ್ರಿಕೆಯ ಎಲ್ಲ ಬರಹವೂ ಬಾಳಿದೆಯೆನ್ನಲಾರೆ. ಅಂದಂದಿನ ಸುದ್ದಿಗೆ ಜೋತುಬಿದ್ದವು ಇಂದು ಮಂಕಾಗಿವೆ. ಓದುಗ ತನ್ನನ್ನೇ ಕಂಡು ನಗುವಂಥವು ಮಾತ್ರ ಉಳಿದಿವೆ. ದಣಿದವನನ್ನು ಮರುದಿನದ ದುಡಿಮೆಗೆ ಅಣಿಗೊಳಿಸುವ ಬರಹವನ್ನು ಹಗುರವೆನ್ನುವ ಮುನ್ನ, ನಾವು ನಮ್ಮ ತಕ್ಕಡಿಯನ್ನೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.