ರೇಡಾರ್ ಕಂಡ ಮೇಲ್ಮೈ: ಒಂದು ವಿಮರ್ಶೆ

ಭೂಮಿಯ ಮೇಲ್ಮೈಯನ್ನು ಮೂರು ಆಯಾಮಗಳಲ್ಲಿಯೂ ಚಿತ್ರಿಸಿದ ರೇಡಾರುಗಳಲ್ಲಿ, 2000ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ‘ಎಂಡೆವರ್’ ನೌಕೆಯು ಹೊತ್ತೊಯ್ದ ಯಂತ್ರಕ್ಕೆ ವಿಶಿಷ್ಟ ಸ್ಥಾನವುಂಟು. ಹನ್ನೊಂದು ದಿನಗಳ ಆ ಯಾನವು ಉತ್ತರದ 60 ಅಂಶದಿಂದ ದಕ್ಷಿಣದ 56 ಅಂಶದವರೆಗೆ, ಎಂದರೆ ಭೂಭಾಗದ ಸುಮಾರು ಶೇಕಡ 80ರಷ್ಟನ್ನು, ಅಳೆಯಿತು. ಅದರ ಫಲವನ್ನು ಭೂಗೋಳ, ಜಲವಿಜ್ಞಾನಗಳ ವಿದ್ಯಾರ್ಥಿಗಳು ಇಂದಿಗೂ ‘ನೆಲದ ಎತ್ತರ’ವೆಂದು ಬಳಸುತ್ತಾರೆ. ಈ ಹೆಸರು ಎಷ್ಟರಮಟ್ಟಿಗೆ ಯುಕ್ತವೆಂಬುದೇ ಪ್ರಕೃತ ನಮ್ಮ ವಿಚಾರ.

ಮೊದಲು ರಚನೆಯ ಗುಣವನ್ನು ಹೇಳುವುದು ನ್ಯಾಯ. ನೌಕೆಯಲ್ಲೊಂದು, 60 ಮೀಟರ್ ಉದ್ದದ ಕಂಬದ ತುದಿಯಲ್ಲೊಂದು, ಹೀಗೆ ಎರಡು ಆಂಟೆನಾಗಳು. ನೌಕೆಯಿಂದ ಹೊರಟು ನೆಲದಿಂದ ಮರಳುವ ಒಂದೇ ತರಂಗವನ್ನು ಎರಡೂ ಗ್ರಹಿಸುತ್ತವೆ. ಅದು ಕ್ರಮಿಸಿದ ಎರಡು ದಾರಿಗಳ ಅತ್ಯಲ್ಪ ವ್ಯತ್ಯಾಸವು ಪ್ರಾವಸ್ಥೆಯ ಅಂತರವಾಗಿ ತೋರುತ್ತದೆ. ಅದರಿಂದ ಎತ್ತರವನ್ನು ಗಣಿಸುತ್ತಾರೆ. ಎರಡು ಗ್ರಹಣಗಳೂ ಏಕಕಾಲದಲ್ಲಿ ನಡೆಯುವುದರಿಂದ, ನಡುವೆ ಎಲೆಯಲುಗಿತು, ಮಣ್ಣು ನೆನೆಯಿತು ಎಂಬ ಆಕ್ಷೇಪಕ್ಕೆ ಎಡೆಯಿಲ್ಲ.

ಮುಖ್ಯ ನಕ್ಷೆಗೆ ಬಳಸಿದ ತರಂಗಾಂತರ 5.6 ಸೆಂಟಿಮೀಟರ್. ಆವರ್ತಾಂಕವು ಹೆಚ್ಚಿ ತರಂಗಾಂತರವು ಕಿರಿದಾದಷ್ಟೂ, ದಾರಿಯ ಅಷ್ಟೇ ವ್ಯತ್ಯಾಸಕ್ಕೆ ಪ್ರಾವಸ್ಥೆಯು ಹೆಚ್ಚು ಬದಲಾಗುತ್ತದೆ. ಇದೇ ನೌಕೆಯಲ್ಲಿ 1994ರಲ್ಲಿ ಹಾರಿದ್ದ ಉಪಕರಣದಲ್ಲಿ ಸುಮಾರು 24 ಸೆಂಟಿಮೀಟರಿನ ತರಂಗವೂ ಇತ್ತು. ಅದರಿಂದ ಇಷ್ಟೇ ಸೂಕ್ಷ್ಮತೆಯನ್ನು ಪಡೆಯಬೇಕಾದರೆ ಕಂಬವು 250 ಮೀಟರಿಗೂ ಮಿಗಿಲಾಗಬೇಕಾಗುತ್ತಿತ್ತು. ಯಂತ್ರಶಿಲ್ಪದ ದೃಷ್ಟಿಯಿಂದ ಈ ಆಯ್ಕೆಯು ನಿರ್ದುಷ್ಟವಾದುದು.

ಆದರೆ ಗುಣವಿರುವಲ್ಲಿಯೇ ದೋಷವೂ ಇದೆ. ಕಿರುತರಂಗವು ದಟ್ಟವಾದ ಕಾಡಿನಲ್ಲಿ ಎಲೆ, ಕಿರುಕೊಂಬೆಗಳ ನಡುವೆಯೇ ಬಹುಮಟ್ಟಿಗೆ ಚದುರಿಹೋಗುತ್ತದೆ. ನೆಲವನ್ನು ಮುಟ್ಟಿ ಮರಳುವ ಪಾಲು ಅಲ್ಪ. ಆದುದರಿಂದ ದೊರೆತ ಎತ್ತರವು ನೆಲದ್ದೂ ಅಲ್ಲ, ಮರದ ತುದಿಯದೂ ಅಲ್ಲ. ಎರಡರ ನಡುವಿನ ಯಾವುದೋ ಒಂದು ಮಟ್ಟ. ಅಮೆಜಾನ್ ಬಯಲಿನಲ್ಲಿ ಕಾಡು ಕಡಿದ ಜಾಗವು ಈ ನಕ್ಷೆಯಲ್ಲಿ ತಗ್ಗಿನಂತೆಯೂ, ಪಕ್ಕದ ಕಾಡು ದಿಣ್ಣೆಯಂತೆಯೂ ಕಾಣುತ್ತದೆ. ನದೀತೀರದ ಮರಗಳ ಸಾಲು ಲೆಕ್ಕದಲ್ಲಿ ಒಡ್ಡಾಗಿ ನಿಂತು, ನೆರೆಯನ್ನು ಕಾಗದದ ಮೇಲೆ ತಡೆದುಬಿಡುತ್ತದೆ. ಕರಾವಳಿಯ ನಗರಗಳಲ್ಲಿ ಕಟ್ಟಡಗಳಿಂದಲೂ ಇದೇ ಭ್ರಮೆಯುಂಟು. ಈ ದೋಷವನ್ನು ತಿದ್ದಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏರುವ ಕಡಲಿನ ಅಪಾಯಕ್ಕೆ ಒಳಗಾಗುವ ಜನರ ಅಂದಾಜು ಸುಮಾರು ಮೂರು ಪಟ್ಟಾಯಿತು. ಕೆಲವು ಮೀಟರುಗಳ ತಪ್ಪಿಗೆ ಇಷ್ಟು ಜನ ಲೆಕ್ಕದಿಂದ ಹೊರಗುಳಿದಿದ್ದರು.

ಇದರಿಂದ ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ತನ್ನ ತರಂಗಕ್ಕೆ ಕಂಡುದನ್ನು ಪ್ರಾಮಾಣಿಕವಾಗಿಯೇ ಅಳೆಯಿತು. ಕಂಡುದಕ್ಕೆ ‘ನೆಲ’ವೆಂದು ಹೆಸರಿಟ್ಟವರು ಬಳಕೆದಾರರು. ಮೇಲ್ಮೈ ಎಂಬುದು ತರಂಗವನ್ನು ಬಿಟ್ಟು ಸ್ವತಂತ್ರವಾಗಿರುವ ವಸ್ತುವಲ್ಲ. ಬೆಂಗಳೂರಿನಲ್ಲಿ ಜೋಡಣೆಗೊಂಡು 2025ರ ಜುಲೈಯಲ್ಲಿ ಕಕ್ಷೆಗೇರಿದ ‘ನಿಸಾರ್’ ಉಪಗ್ರಹದಲ್ಲಿ ಸುಮಾರು 24 ಮತ್ತು 9 ಸೆಂಟಿಮೀಟರುಗಳ ಎರಡು ತರಂಗಗಳಿವೆ. ಅದರ ಮುಖ್ಯ ಕಾರ್ಯ ಎತ್ತರವನ್ನಳೆಯುವುದಲ್ಲ, ನೆಲದ ಚಲನೆಯನ್ನು ಗುರುತಿಸುವುದು. ಆದರೂ ಒಂದೇ ಕಾಡನ್ನು ಆ ಎರಡು ತರಂಗಗಳು ಎರಡು ಬಗೆಯಾಗಿ ಕಾಣುವುವು. ಆ ಅಂಕಿಗಳು ಕೈಸೇರಿದಾಗ, ಇದನ್ನು ಕಂಡ ತರಂಗ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಮೊದಲು ಕೇಳಬೇಕು. ಗಣಿತವು ಅನಂತರ ಬರಲಿ.