ಸಾಯದ ಗಾಡಿಯ ಕಥೆಯಲ್ಲಿ ಗೇರ್‌ಬಾಕ್ಸ್ ಎಲ್ಲಿ?

ಬಿಬಿಸಿಯ ‘ಟಾಪ್ ಗೇರ್’ ತಂಡ 2003ರಲ್ಲಿ ಒಂದು ಹಳೇ ಟೊಯೋಟಾ ಹೈಲಕ್ಸ್ ಪಿಕಪ್ಪನ್ನು ಕೊಲ್ಲೋಕೆ ಹೊರಟಿತ್ತು. ಆ ಕಂತುಗಳನ್ನು ನೀವು ಪೂರ್ತಿ ನೋಡಿರದಿದ್ದರೂ ಅದರ ತುಣುಕನ್ನು ಯಾರಾದರೂ ಕಳಿಸಿಯೇ ಇರ್ತಾರೆ. 1988ರ ಡೀಸೆಲ್ ಗಾಡಿ, ಆ ಹೊತ್ತಿಗಾಗಲೇ ಮೂರು ಲಕ್ಷ ಕಿಲೋಮೀಟರ್ ದಾಟಿತ್ತು. ಜೆರೆಮಿ ಕ್ಲಾರ್ಕ್‌ಸನ್ ಅದನ್ನು ಮೆಟ್ಟಿಲ ಮೇಲಿಂದ ಇಳಿಸ್ತಾರೆ, ಮರಕ್ಕೆ ಗುದ್ದಿಸ್ತಾರೆ, ಸಮುದ್ರದ ಉಬ್ಬರದಲ್ಲಿ ಮುಳುಗಿಸ್ತಾರೆ. ಅದರ ಮೇಲೆ ಕ್ಯಾರವಾನ್ ಬೀಳಿಸ್ತಾರೆ, ಕಟ್ಟಡ ಒಡೆಯುವ ಕಬ್ಬಿಣದ ಗುಂಡಿನಿಂದ ಹೊಡೆಸ್ತಾರೆ, ಬೆಂಕಿ ಹಚ್ತಾರೆ. ಕೊನೆಗೆ ಒಂದು ಬಹುಮಹಡಿ ಕಟ್ಟಡದ ನೆತ್ತಿಯ ಮೇಲಿಟ್ಟು ಕಟ್ಟಡವನ್ನೇ ಸಿಡಿಸಿ ಕೆಡವ್ತಾರೆ. ಹೊಸ ಬಿಡಿಭಾಗ ಹಾಕುವಂತಿಲ್ಲ, ಸಾಧಾರಣ ಸ್ಪ್ಯಾನರ್, ಸುತ್ತಿಗೆಯಲ್ಲೇ ರಿಪೇರಿ ಆಗಬೇಕು ಅನ್ನೋದು ನಿಯಮ. ಪ್ರತಿ ಸಲವೂ ಗಾಡಿ ಕೆಮ್ಮಿ, ಹೊಗೆ ಕಾರಿ, ಸ್ಟಾರ್ಟ್ ಆಗುತ್ತೆ. ಗಟ್ಟಿಪಿಂಡ ಅಂದ್ರೆ ಇದು ಅಂತ ನಾವು ಚಪ್ಪಾಳೆ ತಟ್ತೀವಿ.

ನಾನೂ ತಟ್ಟಿದ್ದೇನೆ. ಟಿವಿಯಾಗಿ ನೋಡಿದರೆ ಅದು ಅಪ್ಪಟ ಮಜಾ, ಕಥೆ ಹೇಳುವ ಕಲೆ ಬಲ್ಲವರ ಕೆಲಸ. ನನ್ನ ತಕರಾರು ಬೇರೆಯದು. ಕಳೆದ ಇಷ್ಟು ವರ್ಷಗಳಲ್ಲಿ ಈ ಚಿತ್ರ ‘ಹಳೇ ಡೀಸೆಲ್ ಪಿಕಪ್ ಎಷ್ಟು ವರ್ಷ ಬಾಳುತ್ತೆ’ ಅನ್ನೋ ಪ್ರಶ್ನೆಗೆ ಸಾಕ್ಷಿಯಾಗಿ ಬಳಕೆಯಾಗ್ತಿದೆ. ಆ ಪ್ರಶ್ನೆಯನ್ನು ಚಿತ್ರ ಒಮ್ಮೆಯೂ ಕೇಳೋದಿಲ್ಲ. ಪೆಟ್ಟು ತಡೆದುಕೊಳ್ಳೋದು ಗಟ್ಟಿತನ. ದಿನಾ ಸವೆಯುತ್ತಾ ಕೆಲಸ ಮಾಡೋದು ಬಾಳಿಕೆ. ಜಟ್ಟಿಯೊಬ್ಬ ಅಖಾಡದಲ್ಲಿ ಎಷ್ಟು ಹೊಡೆತ ತಿಂದ ಅನ್ನೋದನ್ನ ನೋಡಿ, ಅವನು ಎಂಬತ್ತು ವರ್ಷ ಬದುಕ್ತಾನೆ ಅಂತ ಯಾರಾದ್ರೂ ಹೇಳ್ತಾರಾ?

ಚಿತ್ರವನ್ನು ಸ್ವಲ್ಪ ನಿಧಾನಕ್ಕೆ ನೋಡಿ. ಗಾಡಿ ಒಂದೊಂದು ಶಿಕ್ಷೆಯ ನಂತರ ಸ್ಟಾರ್ಟ್ ಆಗುತ್ತೆ, ಒಂದಿಷ್ಟು ದೂರ ಹೋಗುತ್ತೆ, ಅಲ್ಲಿಗೆ ದೃಶ್ಯ ಮುಗೀತು. ಬೆನ್ನ ಮೇಲೆ ಒಂದು ಟನ್ ಹೊತ್ತು ಘಾಟಿ ಹತ್ತೋ ದೃಶ್ಯ ಇಲ್ಲ. ಪಿಸ್ಟನ್ ರಿಂಗ್, ಬೇರಿಂಗ್, ಇಂಜೆಕ್ಟರ್, ಕ್ಲಚ್ ಪ್ಲೇಟ್ ಸವೆಯೋದು ಆ ಘಾಟಿಯಲ್ಲಿ. ಕಬ್ಬಿಣದ ಗುಂಡಿನ ಏಟಿಗೆ ಬಾಗೋದು ತಗಡು.

ಇನ್ನು ಸಮುದ್ರದಲ್ಲಿ ಮುಳುಗಿ ಎದ್ದದ್ದು. ಚಿತ್ರ ಅದನ್ನು ಗಾಡಿಯ ಹಠ ಅನ್ನೋ ಹಾಗೆ ತೋರಿಸುತ್ತೆ. ಕಾರಣ ಇನ್ನೂ ಸರಳ, ಮತ್ತು ನನ್ನ ಪ್ರಕಾರ ಇನ್ನೂ ಚೆಂದ. ಓಡುತ್ತಿರುವ ಎಂಜಿನ್ ನೀರು ಕುಡಿದರೆ ಸಿಲಿಂಡರ್ ಒಳಗೆ ನೀರು ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತೆ. ನಿಂತ ಎಂಜಿನ್ ಮುಳುಗಿದರೆ ನೀರು ಹೊರಹಾಕಿ, ಆಯಿಲ್ ಬದಲಿಸಿ, ಒಣಗಿಸಿ ಮತ್ತೆ ಎಬ್ಬಿಸಬಹುದು. ಅದೂ ಆ ಕಾಲದ ಡೀಸೆಲ್ ಆದ್ರೆ. ಸ್ಪಾರ್ಕ್ ಪ್ಲಗ್ ಬೇಡ, ಕಂಪ್ಯೂಟರ್ ಬೇಡ. ಯಾಂತ್ರಿಕ ಪಂಪ್ ಒಂದು ಇಂಧನ ತಳ್ಳುತ್ತೆ, ಒತ್ತಡಕ್ಕೆ ಅದು ತಾನೇ ಹೊತ್ತಿಕೊಳ್ಳುತ್ತೆ. ಕೆಡೋ ಸಾಮಾನು ಕಡಿಮೆ ಇದ್ದಷ್ಟೂ ಕೆಡೋದು ಕಡಿಮೆ.

ಚಿತ್ರ ಹೇಳದೇ ಬಿಟ್ಟ ಇನ್ನೊಂದು ಸಂಗತಿ ಇದೆ. ಹೈಲಕ್ಸ್‌ನ ಆ ಎಲ್ ಸರಣಿಯ ಡೀಸೆಲ್ ಎಂಜಿನ್ನಿನ ಎದೆಯಲ್ಲಿ ಒಂದು ರಬ್ಬರ್ ಟೈಮಿಂಗ್ ಬೆಲ್ಟ್ ಇರುತ್ತೆ. ಸುಮಾರು ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಬದಲಿಸದೆ ಅದು ಕಡಿದುಹೋದರೆ ವಾಲ್ವ್‌ಗಳ ತಾಳ ತಪ್ಪುತ್ತೆ, ಎಂಜಿನ್ ಮನೆ ಸೇರುತ್ತೆ. ಮೂರು ಲಕ್ಷ ಓಡಿದ ಗಾಡಿ ಅಂದ್ರೆ ಅಷ್ಟೂ ವರ್ಷ ಯಾರೋ ಒಬ್ಬರು ಆ ಬೆಲ್ಟಿನ ಲೆಕ್ಕ ಇಟ್ಟಿದ್ದರು. ಆ ‘ಯಾರೋ’ ಚಿತ್ರದಲ್ಲಿ ಇಲ್ಲ. ಅವರಿಲ್ಲದೆ ಚಿತ್ರಕ್ಕೆ ಗಾಡಿಯೇ ಸಿಗ್ತಿರಲಿಲ್ಲ.

ಈ ಎಲ್ ಸರಣಿ ನಮಗೆ ಅಪರಿಚಿತವೇನಲ್ಲ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಕ್ವಾಲಿಸ್‌ಗೂ ಇದೇ ಕುಟುಂಬದ 2.4 ಲೀಟರ್ ಡೀಸೆಲ್ ಎಂಜಿನ್. ಬೆಂಗಳೂರಿನ ಕಾಲ್ ಸೆಂಟರ್‌ಗಳ ನೈಟ್ ಶಿಫ್ಟ್ ಕ್ಯಾಬ್ ಅಂದ್ರೆ ಆಗ ಕ್ವಾಲಿಸ್ಸೇ. ನಮ್ಮಲ್ಲಿ ಎಷ್ಟೋ ಜನ ಅದರ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿಯೇ ಕೆರಿಯರ್ ಶುರು ಮಾಡಿದ್ದು. ಅದರ ಮೀಟರ್ ನೋಡಿ ‘ನಾಲ್ಕು ಲಕ್ಷ ಆಗಿದೆ ಸಾರ್, ಎಂಜಿನ್ ಬಿಚ್ಚಿಲ್ಲ’ ಅಂತ ಡ್ರೈವರ್‌ಗಳು ಹೆಮ್ಮೆಯಿಂದ ಹೇಳೋದನ್ನ ಕೇಳಿದ್ದೇನೆ.

ಆದರೆ ಕಿಲೋಮೀಟರ್ ಅನ್ನೋದೇ ಅರ್ಧ ಸತ್ಯ. ಲೆಕ್ಕ ಹಾಕಿ ನೋಡಿ. ಹುಬ್ಬಳ್ಳಿ ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿಲೋಮೀಟರಿನಂತೆ ಮೂರು ಲಕ್ಷ ಓಡಿದ ಎಂಜಿನ್ ದುಡಿದದ್ದು 5,000 ಗಂಟೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸರಾಸರಿ 20ರಂತೆ ಅಷ್ಟೇ ದೂರ ಓಡಿದ್ದು 15,000 ಗಂಟೆ ದುಡಿದಿದೆ. ಮೀಟರಿನಲ್ಲಿ ಎರಡೂ ಒಂದೇ. ಟ್ರಾಕ್ಟರ್, ಜೆಸಿಬಿಗಳಲ್ಲಿ ಕಿಲೋಮೀಟರ್ ಬದಲು ಗಂಟೆ ಲೆಕ್ಕ ಇಡೋದು ಸುಮ್ಮನೆ ಅಲ್ಲ. ಕ್ಲಚ್ಚಿನ ಕಥೆಯಂತೂ ಇನ್ನೂ ಘೋರ. ಹೆದ್ದಾರಿಯಲ್ಲಿ ಗಂಟೆಗೆ ಹತ್ತು ಸಲ ತುಳಿದರೆ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವಾಗ ಲೆಕ್ಕವೇ ಇರಲ್ಲ.

ಇಲ್ಲಿಗೆ ಗೇರ್‌ಬಾಕ್ಸಿನ ವಿಷಯಕ್ಕೆ ಬಂದ ಹಾಗಾಯ್ತು. ಹೈಲಕ್ಸ್ ಚಿತ್ರದಲ್ಲಿ ಗೇರ್‌ಬಾಕ್ಸಿಗೆ ಪಾತ್ರವೇ ಇಲ್ಲ. ಎಂಜಿನ್ ನಾಯಕ, ಉಳಿದದ್ದೆಲ್ಲ ಸೆಟ್ಟು. ಈ ನಾಯಕಪೂಜೆ ಎಲ್ಲಿಗೆ ಮುಟ್ಟುತ್ತೆ ಅಂತ ತಿಳೀಬೇಕಂದ್ರೆ ಅಟ್ಲಾಂಟಿಕ್ ದಾಟಿ ಅಮೆರಿಕದ ಡಾಡ್ಜ್ ರಾಮ್ ಪಿಕಪ್ಪುಗಳ ಕಥೆ ಓದಬೇಕು.

1989ರ ಮಾದರಿಯಲ್ಲಿ ಡಾಡ್ಜ್ ತನ್ನ ಪಿಕಪ್ಪಿಗೆ 5.9 ಲೀಟರಿನ, ಆರು ಸಿಲಿಂಡರಿನ ಕಮಿನ್ಸ್ ಡೀಸೆಲ್ ಎಂಜಿನ್ ಕೂರಿಸಿತು. ಅದು ಟ್ರಾಕ್ಟರ್, ಕಟ್ಟಡ ಯಂತ್ರ, ಮಧ್ಯಮ ಲಾರಿಗಳಿಗೆ ಅಂತ ಹುಟ್ಟಿದ ಎಂಜಿನ್. ಜಮ್ಶೆಡ್‌ಪುರದ ಟಾಟಾ ಕಮಿನ್ಸ್‌ನಲ್ಲಿ ತಯಾರಾಗಿ ನಮ್ಮ ಟಾಟಾ ಲಾರಿಗಳಿಗೆ ಬಂದದ್ದೂ ಇದೇ ಬಿ ಸರಣಿ. ಎರಕದ ಕಬ್ಬಿಣದ ಬ್ಲಾಕ್, ಬೆಲ್ಟ್ ಬದಲು ಹಲ್ಲುಚಕ್ರಗಳು, ಏಳು ಮೇನ್ ಬೇರಿಂಗ್. ನಿಧಾನಕ್ಕೆ ತಿರುಗೋದು ಅದರ ಸ್ವಭಾವ. ನಿಮಿಷಕ್ಕೆ 2,000 ಸುತ್ತಿನಲ್ಲಿ 100ರ ವೇಗದಲ್ಲಿ ಹೋಗುವ ಗಾಡಿ ಕಿಲೋಮೀಟರಿಗೆ 1,200 ಸುತ್ತು ತಿರುಗಿದರೆ, 3,000 ಸುತ್ತು ಬೇಕಾಗುವ ಎಂಜಿನ್ 1,800 ತಿರುಗುತ್ತೆ. ಅಷ್ಟಷ್ಟೇ ಉಳಿತಾಯ ಲಕ್ಷಗಟ್ಟಲೆ ಕಿಲೋಮೀಟರಿನಲ್ಲಿ ಆಯಸ್ಸಾಗಿ ಜಮಾ ಆಗುತ್ತೆ. ‘ಮಿಲಿಯನ್ ಮೈಲ್ ಎಂಜಿನ್’ ಅನ್ನೋ ದಂತಕಥೆ ಹುಟ್ಟಿದ್ದು ಇದರ ಸುತ್ತಲೇ.

ಆದರೆ ಅದರ ಬೆನ್ನಿಗೆ ಕಟ್ಟಿದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ವಂಶ ಬೇರೆ. ಅದರ ಮೂಲ 1960ರ ದಶಕದ ಕ್ರೈಸ್ಲರ್ ಕಾರುಗಳದ್ದು. ಎತ್ತಿಗೊಂದು ಕರು ಜೋಡಿ. ಭಾರ ಎಳೆದು ಏರು ಹತ್ತುವಾಗ ಟಾರ್ಕ್ ಕನ್ವರ್ಟರ್ ಒಳಗೆ ಜಾರುವ ಶಕ್ತಿಯೆಲ್ಲ ಬಿಸಿಯಾಗುತ್ತೆ, ಆ ಬಿಸಿಗೆ ಆಯಿಲ್ ಸುಟ್ಟು ಕಪ್ಪಾಗುತ್ತೆ, ಒಳಗಿನ ಕ್ಲಚ್‌ಗಳು ಹಿಡಿತ ಕಳ್ಕೊಳ್ತವೆ. ಕಂಪನಿಗೆ ಇದು ಗೊತ್ತಿರಲಿಲ್ಲ ಅಂದ್ಕೋಬೇಡಿ. ಅವರ ಕ್ಯಾಟಲಾಗೇ ಬಾಯಿ ಬಿಡುತ್ತೆ. 1996ರಿಂದ 1998ರ ನಡುವೆ ಅದೇ ಎಂಜಿನ್ ಮ್ಯಾನ್ಯುಯಲ್ ಗೇರ್ ಇದ್ದ ಗಾಡಿಯಲ್ಲಿ 215 ಹಾರ್ಸ್‌ಪವರ್, ಆಟೋಮ್ಯಾಟಿಕ್ ಇದ್ದದ್ದರಲ್ಲಿ 180. 2001ರಲ್ಲಿ ಬಂದ 245 ಹಾರ್ಸ್‌ಪವರಿನ ಹೊಸ ರೂಪ ಸಿಕ್ಕಿದ್ದು ಆರು ಗೇರಿನ ಮ್ಯಾನ್ಯುಯಲ್ ಜೊತೆಗೆ ಮಾತ್ರ. ಅಂದ್ರೆ, ಎಂಜಿನ್ ಕೈ ಕಟ್ಟಿ ಗೇರ್‌ಬಾಕ್ಸನ್ನು ಕಾಪಾಡ್ತಿದ್ದರು. ಜಾಹೀರಾತಿನ ಯಾವ ಘೋಷಣೆಗಿಂತಲೂ ಈ ಎರಡು ಅಂಕಿಗಳು ಹೆಚ್ಚು ಪ್ರಾಮಾಣಿಕ.

ಹಾಗಂತ ಮ್ಯಾನ್ಯುಯಲ್ ಗಂಗೆಯಷ್ಟು ಪವಿತ್ರ ಅಂತಲ್ಲ. ಆ ರಾಮ್‌ಗಳ ಐದು ಗೇರಿನ ಎನ್‌ವಿ 4500 ಪೆಟ್ಟಿಗೆಯಲ್ಲಿ ಐದನೇ ಗೇರನ್ನು ಹಿಡಿದಿಡುವ ನಟ್ ಸಡಿಲವಾಗಿ, ಇದ್ದಕ್ಕಿದ್ದಂತೆ ಐದನೇ ಗೇರೇ ಮಾಯವಾಗೋದು ಹೆಸರುವಾಸಿ ಕಾಯಿಲೆ. ಸಾಯದ ಎಂಜಿನ್ನಿಗೂ ಒಂದು ಮರ್ಮಸ್ಥಾನವಿತ್ತು. ಬೆರಳ ತುದಿಯಷ್ಟಿರುವ ಒಂದು ಸ್ಟೀಲ್ ಪಿನ್ ವರ್ಷಗಳ ನಡುಕಕ್ಕೆ ಮೆಲ್ಲಗೆ ಹೊರಬಂದು ಟೈಮಿಂಗ್ ಹಲ್ಲುಚಕ್ರಗಳ ನಡುವೆ ಬಿದ್ದರೆ ಕಥೆ ಮುಗೀತು. ‘ಕಿಲ್ಲರ್ ಡವೆಲ್ ಪಿನ್’ ಅಂತಲೇ ಅದಕ್ಕೆ ಹೆಸರು. ಪಿನ್ ಹೊರಬರದ ಹಾಗೆ ಒಂದು ಚಿಕ್ಕ ತಗಡಿನ ತುಂಡು ಅಡ್ಡ ಕೂರಿಸಿದರೆ ಪರಿಹಾರ. ಅಷ್ಟೆಲ್ಲ ಕಬ್ಬಿಣದ ಹಣೆಬರಹ ಒಂದು ತುಂಡು ತಗಡಿನಲ್ಲಿ.

ಜನರಲ್ ಮೋಟರ್ಸ್ 2001ರಲ್ಲಿ ಡ್ಯೂರಾಮ್ಯಾಕ್ಸ್ ಡೀಸೆಲ್ ತಂದಾಗ ಜೊತೆಗೆ ಲಾರಿ-ಬಸ್ಸುಗಳ ಗೇರ್‌ಬಾಕ್ಸಿಗೆ ಹೆಸರಾದ ಆಲಿಸನ್‌ನ ಆಟೋಮ್ಯಾಟಿಕ್ ಇಟ್ಟು, ಆ ಹೆಸರನ್ನೂ ಡಂಗುರ ಸಾರಿತು. ಪಿಕಪ್ ಲೋಕದಲ್ಲಿ ಗೇರ್‌ಬಾಕ್ಸಿಗೂ ಒಂದು ಮರ್ಯಾದೆ ಸಿಕ್ಕಿದ್ದು ಆಗ ಅನ್ನಬಹುದು.

ಇನ್ನೊಂದು ಮೋಸ ನಮ್ಮ ಕಣ್ಣಿನದ್ದೇ. ‘ಆಗಿನ ಕಾಲದ ಗಾಡಿಗಳು ನೋಡಿ, ಇನ್ನೂ ಓಡ್ತಿವೆ’ ಅಂತೀವಿ. ಓಡುತ್ತಿರೋವು ಮಾತ್ರ ತಾನೇ ಕಣ್ಣಿಗೆ ಬೀಳೋದು? ಅವುಗಳ ಜೊತೆ ಹುಟ್ಟಿ ಗುಜರಿ ಸೇರಿದವು ಸಾಕ್ಷಿ ಹೇಳೋಕೆ ಬರಲ್ಲ. ಎಂಜಿನಿಯರ್‌ಗಳು ಒಂಟಿ ಎಂಜಿನ್ನಿನ ಆಯಸ್ಸು ಹೇಳೋದಿಲ್ಲ, ಗುಂಪಿನ ಆಯಸ್ಸು ಹೇಳ್ತಾರೆ. ನೂರರಲ್ಲಿ ಹತ್ತು ಎಂಜಿನ್‌ಗಳು ದೊಡ್ಡ ರಿಪೇರಿಗೆ ಬರುವ ಹೊತ್ತು ಬಿ-10, ಐವತ್ತು ಬರುವ ಹೊತ್ತು ಬಿ-50. ಒಂದೇ ಒಂದು ಹೈಲಕ್ಸ್ ಬದುಕಿದ್ದರಿಂದ ಈ ಎರಡರ ಬಗ್ಗೆಯೂ ನಮಗೆ ಏನೂ ತಿಳಿಯೋದಿಲ್ಲ.

ಆ ಸರಳತೆಗೂ ಒಂದು ಬೆಲೆ ಇತ್ತು, ಅದನ್ನು ನಾವು ಉಸಿರಿನಲ್ಲಿ ಕಟ್ಟಿದ್ದೇವೆ. ಹೊಗೆ ಸೋಸುವ ಫಿಲ್ಟರ್, ಸೆನ್ಸರ್ ಯಾವುದೂ ಇಲ್ಲದ್ದರಿಂದಲೇ ಅವು ಕೆಡುತ್ತಿರಲಿಲ್ಲ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಕೋರ್ಟುಗಳು ಕಣ್ಣಿಟ್ಟದ್ದು ಎಂಜಿನ್ ಸವೆದಿದೆ ಅಂತಲ್ಲ, ಗಾಳಿ ಕೆಟ್ಟಿದೆ ಅಂತ. ಹಳೆಯದೇ ಚಿನ್ನ ಅನ್ನೋರು ಈ ಸಾಲವನ್ನೂ ಲೆಕ್ಕಕ್ಕೆ ಹಿಡೀಬೇಕು.

ಇದೆಲ್ಲ ಯಾಕೆ ಮುಖ್ಯ? ವಾರಾಂತ್ಯದ ತೋಟಕ್ಕೆ ಅಂತಲೋ, ಸೈಡ್ ಬಿಸಿನೆಸ್‌ಗೆ ಅಂತಲೋ ಹಳೇ ಪಿಕಪ್ ಹುಡುಕೋರು ನಮ್ಮಲ್ಲಿ ಹೆಚ್ತಿದ್ದಾರೆ. ನಮಗದು ಹವ್ಯಾಸ. ತರಕಾರಿ ಹೊರೆ ಸಾಗಿಸಿ ಕಂತು ಕಟ್ಟುವವನಿಗೆ ಅದೇ ಅನ್ನ. ಅವನ ಗೇರ್‌ಬಾಕ್ಸ್ ಬಿಚ್ಚಿದ ದಿನ ಗಾಡಿ ನಿಲ್ಲುತ್ತೆ, ಗಾಡಿ ನಿಂತಷ್ಟು ದಿನ ಸಂಪಾದನೆ ನಿಲ್ಲುತ್ತೆ. ‘ಎಂಜಿನ್ ಗಟ್ಟಿ ಇದೆ’ ಅನ್ನೋ ಒಂದೇ ಮಾತಿಗೆ ಕೊಟ್ಟ ದುಡ್ಡಿನ ನೋವು ಆಗ ಗೊತ್ತಾಗುತ್ತೆ.

ಬಾಳಿಕೆಯ ಬಗ್ಗೆ ಪ್ರಾಮಾಣಿಕವಾದ ಚಿತ್ರ ಯಾರಾದ್ರೂ ತೆಗೆದರೆ ಅದು ಮಹಾ ಬೋರಾಗಿರುತ್ತೆ. ಡಿಪ್‌ಸ್ಟಿಕ್ ಒರೆಸಿ ನೋಡುವ ಒಂದು ಕೈ. ಮೂತಿ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನಿಗೆ ಇಳಿಯುವ ಕಪ್ಪು ಆಯಿಲ್. ಡ್ಯಾಶ್‌ಬೋರ್ಡ್ ಒಳಗಿನ ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರ್, ಸಹಿ. ಅದಕ್ಕೆ ಚಪ್ಪಾಳೆ ಬೀಳೋದಿಲ್ಲ, ಯಾರೂ ಫಾರ್ವರ್ಡ್ ಮಾಡೋದೂ ಇಲ್ಲ. ಆದರೆ ಹಳೇ ಪಿಕಪ್ ನೋಡೋಕೆ ಹೋದಾಗ ಬಾನೆಟ್ ಎತ್ತಿಸಿ ಸ್ಟಾರ್ಟ್ ಮಾಡಿಸೋದಕ್ಕೂ ಮೊದಲು ಆ ನೋಟ್‌ಬುಕ್ ಕೇಳಿ. ಇದ್ದರೆ, ಗೇರ್ ಆಯಿಲ್ ಕೊನೆಯ ಸಲ ಬದಲಿಸಿದ್ದು ಯಾವಾಗ ಅಂತ ಹುಡುಕಿ.