ದೃಷ್ಟಿ ಬಂದವನ ತಂದೆ-ತಾಯಿ

ಊರಿನಿಂದ ಬಂದ ಹಿರಿಯರನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕರೆದೊಯ್ಯುವುದು ನಮ್ಮೆಲ್ಲರಿಗೂ ತಪ್ಪಿದ್ದಲ್ಲ. ಈಜಿಪ್ಟಿನ ಮಮ್ಮಿಗಳನ್ನು ನೋಡುವಷ್ಟರಲ್ಲಿ ಅವರ ಕಾಲು ಸೋತಿರುತ್ತದೆ, ವರ್ಣಚಿತ್ರಗಳ ಸರದಿ ಬರುವುದೇ ಇಲ್ಲ. ಅಲ್ಲಿಯ ಸಂಗ್ರಹದ ಒಂದು ಚಿತ್ರವನ್ನಾದರೂ ನಿಂತು ನೋಡಬೇಕು: ಎಲ್ ಗ್ರೆಕೊ 1570ರ ಸುಮಾರಿಗೆ ಬರೆದ, ಕ್ರಿಸ್ತನು ಕುರುಡನಿಗೆ ದೃಷ್ಟಿ ಕೊಡುವ ಚಿತ್ರ.

ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಈ ಕಥೆ ಬರುತ್ತದೆ. ಕಣ್ಣು ಬರುವ ಸಂಗತಿ ಮೊದಲ ಕೆಲವೇ ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಉಳಿದದ್ದೆಲ್ಲ ವಿಚಾರಣೆ! ಇವನು ಆ ಭಿಕ್ಷುಕನೇ ಹೌದೋ ಅಲ್ಲವೋ ಎಂದು ನೆರೆಯವರಿಗೆ ಅನುಮಾನ. ಸಬ್ಬತ್ ದಿನ ಗುಣಪಡಿಸಿದ್ದು ಸರಿಯೇ ಎಂದು ಫರಿಸಾಯರಲ್ಲಿ ಜಗಳ. ಕಣ್ಣು ಬಂದವನಿಗೆ ಸಂತೋಷವೇ ಎಂದು ಒಬ್ಬರೂ ಕೇಳುವುದಿಲ್ಲ.

ಈ ಚಿತ್ರಕಾರ ಕಥೆಯನ್ನು ಸರಿಯಾಗಿ ಓದಿದ್ದಾನೆ ಎಂದು ನಮಗನ್ನಿಸುತ್ತದೆ. ಪವಾಡ ಒಂದು ಪಕ್ಕಕ್ಕೆ, ವಾದ ಮಾಡುವವರ ಗುಂಪು ಇನ್ನೊಂದು ಪಕ್ಕಕ್ಕೆ. ಮುಂಭಾಗದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಇವರು ಕುರುಡನ ತಂದೆ-ತಾಯಿ ಇರಬಹುದೆಂದು ತಿಳಿದವರ ಊಹೆ. ಇದೇ ವಸ್ತುವಿನ ಇನ್ನೊಂದು ಚಿತ್ರ ಜರ್ಮನಿಯ ಡ್ರೆಸ್ಡನ್‌ನಲ್ಲಿದೆ. ಅದರ ಮುಂಭಾಗದಲ್ಲಿರುವುದು ಒಂದು ನಾಯಿ. ಆ ಜಾಗಕ್ಕೆ ಹೆತ್ತವರನ್ನು ತಂದದ್ದು ಸಣ್ಣ ಬದಲಾವಣೆಯಲ್ಲ.

ಏಕೆಂದರೆ ಕಥೆಯಲ್ಲಿ ನಮ್ಮನ್ನು ಚುಚ್ಚುವವರು ಅವರೇ. ಮಗನಿಗೆ ಹೇಗೆ ಕಣ್ಣು ಬಂತೆಂದು ಕೇಳಿದರೆ, ಅವನು ದೊಡ್ಡವನಾಗಿದ್ದಾನೆ, ಅವನನ್ನೇ ಕೇಳಿ ಎಂದು ನುಣುಚಿಕೊಳ್ಳುತ್ತಾರೆ. ಸಭಾಮಂದಿರದಿಂದ ಬಹಿಷ್ಕಾರವಾದೀತೆಂಬ ಭಯ. ಮಗ ಮಾತ್ರ ಎದುರುತ್ತರ ಕೊಟ್ಟು ಹೊರದಬ್ಬಿಸಿಕೊಳ್ಳುತ್ತಾನೆ. ಅವನ ಈ ಕೆಚ್ಚು ಚಿತ್ರದಲ್ಲಿಲ್ಲ; ಅದೊಂದು ನಮ್ಮ ತಕರಾರು.

ವಿಚಾರಣೆಯೇ ತಪ್ಪೆಂದು ಇದರ ಅರ್ಥವಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಛಾನ್ಸಲರ್ ಆಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಅವರು ಕೇಳಿದ್ದು ಇದು ನಡೆಯಿತೇ ಎಂಬ ನೇರ ಪ್ರಶ್ನೆ. ಫರಿಸಾಯರಿಗೆ ಉತ್ತರ ಮೊದಲೇ ಗೊತ್ತಿತ್ತು, ಬೇಕಾಗಿದ್ದದ್ದು ಸಾಕ್ಷಿ ಮಾತ್ರ.

ಕಥೆಯ ಆರಂಭದಲ್ಲಿ ಶಿಷ್ಯರು ಕೇಳುವ ಪ್ರಶ್ನೆಯಂತೂ ನಮ್ಮ ಮನೆಗಳಲ್ಲಿ ಕೇಳಿದ್ದೇ: ಇವನು ಕುರುಡನಾದದ್ದು ಯಾರ ಪಾಪದಿಂದ, ಇವನದೋ ಹೆತ್ತವರದೋ? ಯಾರದೂ ಅಲ್ಲ ಎನ್ನುತ್ತಾನೆ ಯೇಸು. ನಮ್ಮ ಬಂಧುಗಳಲ್ಲಿ ಹುಟ್ಟಿನಿಂದ ಕಣ್ಣಿಲ್ಲದ ಅಣ್ಣನೊಬ್ಬನಿದ್ದ. ಮದುವೆ-ಮುಂಜಿಗಳಲ್ಲಿ ಅವನನ್ನು ಒಳಕೋಣೆಯಲ್ಲಿ ಕೂರಿಸುತ್ತಿದ್ದರು. ಎಲೆ ಹಾಕಿದ ಮೇಲೆ ಯಾರಾದರೂ ಒಂದು ತಟ್ಟೆ ಒಯ್ದು ಕೊಡುತ್ತಿದ್ದರು. ಪೂರ್ವಜನ್ಮದ್ದು ಎಂದು ನೆಂಟರು ಪಿಸುಗುಟ್ಟಿದರೆ ದೊಡ್ಡಪ್ಪ-ದೊಡ್ಡಮ್ಮ ತಲೆ ತಗ್ಗಿಸುತ್ತಿದ್ದರು. ನಾವು ಮಕ್ಕಳೂ ಅದನ್ನೇ ನಂಬಿದ್ದೆವು. ಚಿತ್ರದ ಮುಂದೆ ನಿಂತಾಗ ನಮ್ಮ ಕಣ್ಣು ಆ ಇಬ್ಬರ ಮೇಲೆಯೇ ಮತ್ತೆ ಮತ್ತೆ ಹೋಯಿತು.